ಡಬ್ಬಿಯ ಬಟಾಣಿಯೋ, ಪೊಟ್ಟಣದ ಜ್ಯೂಸೋ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಬಿಟ್ಟು ಓದಿಗೋ ಕೆಲಸಕ್ಕೋ ಮೈಸೂರು, ಬೆಂಗಳೂರು ಸೇರಿರುವ ಮಕ್ಕಳೇ, ಸುತ್ತುಬಳಸದೆ ಹೇಳಿಬಿಡುತ್ತೇನೆ. ಅಡುಗೆಗೆ ಪುರುಸೊತ್ತಿಲ್ಲದ ದಿನ ಅಂಗಡಿಯಲ್ಲಿ ನಿಂತು, ಡಬ್ಬಿಯ ತರಕಾರಿ ಕೊಳ್ಳಲೋ ಪೊಟ್ಟಣದ ಜ್ಯೂಸ್ ಕೊಳ್ಳಲೋ ಎಂದು ಯೋಚನೆ ಬಂದರೆ ಡಬ್ಬಿಯನ್ನೇ ತಗೊಳ್ಳಿ. ನಿಮ್ಮ ಅಮ್ಮಂದಿರು ಇದಕ್ಕೆ ನನ್ನ ಮೇಲೆ ರೇಗಬಹುದು. ಡಬ್ಬಿ ಅಂದರೆ ಹಳಸಲು, ಹಣ್ಣಿನ ರಸ ಅಂದರೆ ಶಕ್ತಿ ಎನ್ನುವುದು ನಮ್ಮ ಕಡೆಯ ನಂಬಿಕೆ. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋಗುವಾಗ ಕೈಯಲ್ಲಿ ಜ್ಯೂಸ್ ಇಲ್ಲದಿದ್ದರೆ ಮರ್ಯಾದೆ ಕಮ್ಮಿ ಅಂದುಕೊಳ್ಳುವ ಜನ ನಾವು.

ಹಳಸಲು ಎನ್ನುವ ಮಾತು ಬಿಡಿ. ಆಹಾರ ಕೆಡದಂತೆ ಕಾಪಾಡುವ ವಿದ್ಯೆಗೆ ನಮ್ಮ ಮೈಸೂರು ಹೆಸರಾದ ಊರು. ಅಲ್ಲಿನ ಚೆಲುವಾಂಬ ಮಹಲಿನಲ್ಲಿ 1950ರಿಂದ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಗಡಿಯ ಯೋಧರ ಊಟ ಕೆಡದಂತೆ ಕಟ್ಟಿಕೊಡುವ ವಿಧಾನ ಹುಡುಕುವ ಪ್ರಯೋಗಾಲಯ ಡಿಎಫ್‌ಆರ್‌ಎಲ್ ಕೂಡ ಅದೇ ಊರಿನಲ್ಲಿದೆ. ತರಕಾರಿಯನ್ನು ಉಪ್ಪುನೀರಿನ ಜೊತೆ ಡಬ್ಬಿಗೆ ತುಂಬಿ, ಗಾಳಿಯಾಡದಂತೆ ಮುಚ್ಚಿ, ಹಬೆಯ ಒತ್ತಡದಲ್ಲಿ ಸುಮಾರು 121 ಡಿಗ್ರಿಗೆ ಕಾಯಿಸುತ್ತಾರೆ. ನಿಮ್ಮ ಮನೆಯ ಕುಕ್ಕರ್ ಒಳಗಿನ ಬಿಸಿಯೂ ಹೆಚ್ಚುಕಮ್ಮಿ ಅಷ್ಟೇ. ಈ ಕಾವಿಗೆ ಸಿ ವಿಟಮಿನ್ನಿನ ದೊಡ್ಡ ಪಾಲು ಹೋಗುತ್ತದೆ, ಬಿ ಗುಂಪಿನವು ಒಂದಷ್ಟು ಸವೆಯುತ್ತವೆ, ಒಂದಷ್ಟು ನೀರಿಗಿಳಿಯುತ್ತವೆ. ನಾರು, ಪ್ರೋಟೀನು, ಖನಿಜಾಂಶ ಬಹುಪಾಲು ಉಳಿಯುತ್ತವೆ. ಕ್ಯಾರೆಟ್ಟಿನ ಕ್ಯಾರೊಟಿನ್ ಅಷ್ಟಕ್ಕೆಲ್ಲ ಜಗ್ಗುವುದಿಲ್ಲ. ಟೊಮೆಟೊಗೆ ಕೆಂಪು ಕೊಡುವ ಲೈಕೊಪೀನ್ ಅಂತೂ ಬೆಂದ ಮೇಲೇ ಮೈಗೆ ಚೆನ್ನಾಗಿ ಹತ್ತುವುದು.

ಡಬ್ಬಿಯ ದೋಷ ಇರುವುದು ಉಪ್ಪಿನಲ್ಲಿ. ನಮ್ಮ ಬಸ್ಸಾರಿನಲ್ಲಿ ಸೊಪ್ಪು ಬೇಯಿಸಿ ಬಸಿದ ನೀರೇ ಸಾರಾಗುತ್ತದೆ, ನೀರಿಗಿಳಿದ ಸತ್ವ ಮತ್ತೆ ತಟ್ಟೆಗೇ ಬರುತ್ತದೆ. ಡಬ್ಬಿಯ ನೀರಿನಲ್ಲೂ ಸತ್ವ ಇಳಿದಿರುತ್ತದೆ, ಆದರೆ ಉಪ್ಪು ಜಾಸ್ತಿ, ಅದನ್ನು ಚೆಲ್ಲಬೇಕು. ದಿನಕ್ಕೆ 5 ಗ್ರಾಂ ಉಪ್ಪು ಮೀರಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಟಾಣಿಯನ್ನು ಜರಡಿಗೆ ಸುರಿದು ನಲ್ಲಿಯ ಕೆಳಗೆ ಎರಡು ಸಲ ತೊಳೆದರೆ ಉಪ್ಪು ಸಾಕಷ್ಟು ಇಳಿಯುತ್ತದೆ. ಕೆಲವು ಡಬ್ಬಿಗಳಲ್ಲಿ ಇರುವುದು ಹಸಿ ಬಟಾಣಿಯಲ್ಲ, ಒಣಬಟಾಣಿ ನೆನೆಸಿ ಬಣ್ಣ ಹಾಕಿದ್ದು. ಚೀಟಿ ಓದಿ ನೋಡಿ. ಹಾಗಿದ್ದರೆ ಡಬ್ಬಿ ಯಾಕೆ, ಅರ್ಧ ದುಡ್ಡಿಗೆ ಒಣಬಟಾಣಿ ತಂದು ರಾತ್ರಿ ನೆನೆಹಾಕಬಹುದಲ್ಲ!

ಜ್ಯೂಸಿನ ಕಥೆಯೇ ಬೇರೆ. ಉಪ್ಪನ್ನು ತೊಳೆಯಬಹುದು, ರಸದೊಳಗಿನ ಸಕ್ಕರೆಯನ್ನು ತೊಳೆಯುವುದು ಹೇಗೆ? ಏನೂ ಬೆರೆಸದ ಕಿತ್ತಳೆ ರಸದಲ್ಲೂ 200 ಮಿಲಿಗೆ ಸುಮಾರು 20 ಗ್ರಾಂ ಸಕ್ಕರೆ ಇರುತ್ತದೆ, ಅಂದರೆ ನಾಲ್ಕೈದು ಚಮಚ. ದೊಡ್ಡವರಿಗೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಲೆಕ್ಕದಲ್ಲಿ ಹಣ್ಣಿನ ರಸದ ಸಕ್ಕರೆಯೂ ಸೇರಿದೆ, ಇಡೀ ಹಣ್ಣಿನ ಸಕ್ಕರೆ ಸೇರಿಲ್ಲ. ಕಾರಣ ನಾರು. ಕಿತ್ತಳೆ ಬಿಡಿಸಿ ತಿನ್ನುವವರು ಒಂದಕ್ಕೋ ಎರಡಕ್ಕೋ ಸಾಕೆನ್ನುತ್ತಾರೆ. ಒಂದು ಲೋಟ ರಸಕ್ಕೆ ಮೂರು ನಾಲ್ಕು ಹಣ್ಣು ಬೇಕು, ಕುಡಿಯಲು ಅರ್ಧ ನಿಮಿಷ ಸಾಕು. ಸಕ್ಕರೆ ಕಾಯಿಲೆಯವರಿಗೆ ರಕ್ತದಲ್ಲಿ ಸಕ್ಕರೆ ಕುಸಿದಾಗ ಡಾಕ್ಟರು ಜ್ಯೂಸ್ ಕುಡಿಸಿ ಎನ್ನುವುದು ಅದು ತಕ್ಷಣ ರಕ್ತಕ್ಕೆ ಏರುತ್ತದೆ ಎಂದೇ. ಅಪಾಯದಲ್ಲಿ ಜೀವ ಉಳಿಸುವ ಆ ವೇಗವೇ ದಿನವೂ ಕುಡಿಯುವವರಿಗೆ ಮುಳುವು.

ಇದು ಅಪ್ಪಟ ರಸದ ಮಾತಾಯಿತು. ಹತ್ತು ರೂಪಾಯಿಯ ಮಾವಿನ ಪಾನೀಯದ ಪೊಟ್ಟಣ ತಿರುಗಿಸಿ ನೋಡಿ. ಯಾವುದು ಹೆಚ್ಚೋ ಅದನ್ನು ಮೊದಲು ಬರೆಯಬೇಕು ಎಂಬುದು ಕಾನೂನು. ಎಷ್ಟೋ ಪೊಟ್ಟಣಗಳಲ್ಲಿ ನೀರು ಮೊದಲು, ಮಾವು ಆಮೇಲೆ. ಹಣ್ಣಿನ ಪಾನೀಯ ಎಂದು ಮಾರಲು ಶೇ 10ರಷ್ಟು ಹಣ್ಣು ಇದ್ದರೆ ಸಾಕು. ಗಟ್ಟಿರಸಕ್ಕೆ ನೀರು ಸೇರಿಸಿ ಮಾಡಿದ್ದನ್ನು ‘ನೂರಕ್ಕೆ ನೂರು ಹಣ್ಣಿನ ರಸ’ ಎಂದು ಬರೆಯಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2024ರಲ್ಲಿ ಕಂಪನಿಗಳಿಗೆ ತಾಕೀತು ಮಾಡಬೇಕಾಯಿತು. ಚಿತ್ರದಲ್ಲಿ ಮಾತ್ರ ಇಡೀ ಮಾವಿನಹಣ್ಣೇ ಇರುತ್ತದೆ.

ಹಾಗಾದರೆ ಡಬ್ಬಿಯಲ್ಲಿ ಕಳೆದುಹೋದ ಸಿ ವಿಟಮಿನ್ ಎಲ್ಲಿಂದ? ಅದಕ್ಕೆ ಜ್ಯೂಸ್ ಯಾಕೆ? ಸೀಬೆಹಣ್ಣಿನಲ್ಲಿ ಕಿತ್ತಳೆಗಿಂತ ನಾಲ್ಕೈದು ಪಟ್ಟು ಇದೆ. ಎಚ್.ಡಿ. ಕೋಟೆ ಕಡೆಯಿಂದ ಬೆಟ್ಟದ ನೆಲ್ಲಿ ಬಂದ ಕಾಲದಲ್ಲಿ ಕೇಳುವುದೇ ಬೇಡ, ಒಂದು ಕಾಯಿಗೆ ಚೂರು ಉಪ್ಪು ಸೋಕಿಸಿ ಅಗಿದರೆ ಆ ದಿನದ ಲೆಕ್ಕ ತೀರಿತು. ಕೆ.ಆರ್. ನಗರದವರು ಕಬ್ಬಿನ ಹಾಲು ಹಣ್ಣಿನ ರಸಕ್ಕಿಂತ ಮೇಲು ಎಂದು ವಾದಕ್ಕೆ ಬರುತ್ತಾರೆ. ಪ್ರೀತಿಗೆ ಕುಡಿಯಿರಿ, ಸತ್ವಕ್ಕೆಂದು ಬೇಡ. ಊರಿಂದಲೇ ತರಕಾರಿ ತರಿಸಿಕೊಳ್ಳಿ ಎನ್ನೋಣವೆಂದರೆ, ಹುಣಸೂರು, ಪಿರಿಯಾಪಟ್ಟಣದ ನಮ್ಮ ಹೊಲಗಳಲ್ಲಿ ಹೊಗೆಸೊಪ್ಪು, ಶುಂಠಿ ಹಬ್ಬಿ ಹಿತ್ತಲ ತರಕಾರಿಗೂ ಜಾಗ ಕಮ್ಮಿಯಾಗಿದೆ. ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ಪಕ್ಕದ ಮನೆಗೂ ಈಗ ತರಕಾರಿ ಪೇಟೆಯಿಂದಲೇ ಬರುತ್ತದೆ. ಡಬ್ಬಿ ಕೊಳ್ಳುತ್ತೀರೆಂದು ನಿಮ್ಮನ್ನು ಬೈದು ಪ್ರಯೋಜನವಿಲ್ಲ.

ಬೆಂಗಳೂರಿನಲ್ಲಿ ‘ಫ್ರೆಶ್’ ಎಂದು ಸಿಗುವ ಸೊಪ್ಪು ಕಿತ್ತು ಎರಡು ಮೂರು ದಿನ ಆಗಿದ್ದರೆ ಅದರ ಸಿ ವಿಟಮಿನ್ನೂ ಒಂದಷ್ಟು ಹೋಗಿರುತ್ತದೆ. ಅಂಥ ಬಾಡಿದ ಸೊಪ್ಪಿಗಿಂತ ಕೊಯ್ದ ಕೂಡಲೇ ಹಿಮಗಟ್ಟಿಸಿದ ಬಟಾಣಿ ಮೇಲು. ಫ್ರಿಜ್ ಇದ್ದವರು ಡಬ್ಬಿ ಬಿಟ್ಟು ಅದನ್ನೇ ತನ್ನಿ.

ಫ್ರಿಜ್ ಇಲ್ಲದವರು ಡಬ್ಬಿ ಕೊಳ್ಳುವಾಗ ಎರಡೂ ತುದಿ ಒತ್ತಿ ನೋಡಿ. ಉಬ್ಬಿದ್ದರೆ, ಸೋರಿದ್ದರೆ ಕೊಳ್ಳಬೇಡಿ; ಮನೆಗೆ ತಂದ ಮೇಲೆ ಉಬ್ಬಿದರೆ ರುಚಿ ನೋಡುವ ಸಾಹಸವೂ ಬೇಡ. ಅದರೊಳಗೆ ಹುಟ್ಟಬಹುದಾದ ಬೊಟುಲಿಸಂ ವಿಷಕ್ಕೆ ವಾಸನೆ ಇರಲೇಬೇಕೆಂದಿಲ್ಲ. ತೆರೆದ ಮೇಲೆ ಉಳಿದದ್ದನ್ನು ಅದೇ ಡಬ್ಬಿಯಲ್ಲಿ ಬಿಡದೆ ಸ್ಟೀಲ್ ಬಟ್ಟಲಿಗೆ ಹಾಕಿ, ಪಕ್ಕದ ರೂಮಿನವರ ಫ್ರಿಜ್ಜಿನಲ್ಲಾದರೂ ಇಟ್ಟು, ಮಾರನೇ ದಿನ ಉಪ್ಪಿಟ್ಟಿಗೆ ಸುರಿದು ಮುಗಿಸಿ.