ದೊಡ್ಡ ಕಂಪನಿಯಲ್ಲಿ ದುಡಿಯುವ ಮಕ್ಕಳು

ವಾಚನ: ವಿಮೋಚನಾಕಾಂಡ 18:13-27



ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮನೆಗಳಲ್ಲಿ ಈಗ ಒಂದು ಮಾತು ಕೇಳಿಬರುತ್ತದೆ: "ನಮ್ಮ ಹುಡುಗ ಬೆಂಗಳೂರಾಗ ದೊಡ್ಡ ಕಂಪನ್ಯಾಗ ಅದಾನ." ಹೇಳುವಾಗ ಅಪ್ಪನ ಮುಖ ಅರಳುತ್ತದೆ. ಅರಳಬೇಕಾದದ್ದೇ. ಆದರೆ ಅಲ್ಲಿ ಕೆಲಸವೇನು ಎಂದು ಕೇಳಿದರೆ, "ಕಂಪ್ಯೂಟರ್ ಮುಂದ ಕೂಡತಾನ, ನೆರಳಿನ ಕೆಲಸ" ಎಂಬಲ್ಲಿಗೆ ಉತ್ತರ ಮುಗಿಯುತ್ತದೆ. ತೊಗರಿ ಹೊಲದ ಬಿಸಿಲು ಕಂಡವರಿಗೆ ನೆರಳಿನ ಕೆಲಸವೆಲ್ಲ ಸುಖವೆಂದೇ ತೋರುತ್ತದೆ. ಅದು ನಿಜವೇ?

1981ರಲ್ಲಿ ಪುಣೆಯಲ್ಲಿ ಏಳು ಮಂದಿ ಕಟ್ಟಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂತು. ಇಂದು ಅಲ್ಲಿ 3 ಲಕ್ಷಕ್ಕೂ ಹೆಚ್ಚು ನೌಕರರಿದ್ದಾರೆ. ಇಂಥ ದೊಡ್ಡ ಕಂಪನಿಗಳಲ್ಲಿ ಹೊಸಬರಿಗೆ ಮೊದಲು ಕೆಲವು ತಿಂಗಳ ತರಬೇತಿ. ಆಮೇಲೆ ಒಂದು ತಂಡ, ತಂಡಕ್ಕೊಬ್ಬ ಮುಖಂಡ, ಅವನ ಮೇಲೊಬ್ಬ ಮ್ಯಾನೇಜರ್. ಪಗಾರ ತಪ್ಪುವುದಿಲ್ಲ, ಭವಿಷ್ಯ ನಿಧಿ ಇದೆ, ಆರೋಗ್ಯ ವಿಮೆ ಇದೆ. ಇವು ದೇವರ ಕೃಪೆಯೇ ಸರಿ.

ಆದರೆ ಕೆಲಸ ಕೊಟ್ಟವರು ಅಮೆರಿಕದಲ್ಲಿದ್ದರೆ, ಅವರಿಗೆ ಬೆಳಗಾಗುವಾಗ ನಮಗೆ ಸಂಜೆ. ಹಾಗಾಗಿ ಎಷ್ಟೋ ಸಭೆಗಳು ರಾತ್ರಿ ನಡೆಯುತ್ತವೆ. ಒಂದು ಕೆಲಸ ಮುಗಿದು ಇನ್ನೊಂದು ಸಿಗದಿದ್ದರೆ "ಬೆಂಚ್" ಮೇಲೆ ಕಾಯಬೇಕು. ಪಗಾರ ಬಂದರೂ ಎದೆಯಲ್ಲಿ ಅಳುಕು. ವರ್ಷಕ್ಕೊಮ್ಮೆ ಜೊತೆಗಾರರೊಂದಿಗೆ ಹೋಲಿಸಿ ಕೆಲಸವನ್ನು ತೂಗುತ್ತಾರೆ. 2024ರ ಜುಲೈಯಲ್ಲಿ ನಮ್ಮ ರಾಜ್ಯದಲ್ಲಿ ದಿನಕ್ಕೆ 14 ತಾಸು ದುಡಿಸಿಕೊಳ್ಳಲು ಅವಕಾಶ ಕೊಡುವ ಪ್ರಸ್ತಾಪ ಬಂದಾಗ ಐಟಿ ನೌಕರರ ಸಂಘ ಬಲವಾಗಿ ವಿರೋಧಿಸಿತು.

ಈಗ ವಾಚನಕ್ಕೆ ಬನ್ನಿ. ಮೋಶೆ ಮಾಡುತ್ತಿದ್ದದ್ದೂ ಇಟ್ಟಿಗೆ ಹೊರುವ ಕೆಲಸವಲ್ಲ. ಬೆಳಗಿನಿಂದ ಸಂಜೆಯವರೆಗೆ ಕುಳಿತು ಜನರ ವ್ಯಾಜ್ಯ ತೀರಿಸುತ್ತಿದ್ದ. ಅವನು ಸವೆದುಹೋಗುತ್ತಿರುವುದನ್ನು ಕಂಡು ಹೇಳಿದವನು ಅವನ ಮಾವ ಇತ್ರೋ. ಮೋಶೆಯ ಹೆಂಡತಿ ಮಕ್ಕಳನ್ನು ಕರೆತಂದಿದ್ದ ಮನೆಯ ಹಿರಿಯ. ಅವನು ಮೊದಲು ನೋಡಿದ, ಆಮೇಲೆ ಕೇಳಿದ, ಕೊನೆಗೆ ಬುದ್ಧಿ ಹೇಳಿದ. ಕೆಲಸ ಬಿಡು ಎನ್ನಲಿಲ್ಲ. ಭಾರ ಹಂಚಿಕೋ ಎಂದ.

ತಂದೆತಾಯಿಗಳೇ, ನಾವು ಇತ್ರೋನಂತೆ ಇದ್ದೇವೆಯೇ? ಮಗಳು ಫೋನ್ ಮಾಡಿದಾಗ ನಮ್ಮ ಮೊದಲ ಮಾತು "ಪಗಾರ ಆತೇನು?" ಎಂದೋ, "ಉಂಡೆಯೇನವ್ವ, ನಿದ್ದಿ ಆತೇನು?" ಎಂದೋ? ತಮ್ಮನ ಕಾಲೇಜು, ಅಕ್ಕನ ಮದುವೆ, ಮನೆಯ ಸಾಲ ಎಲ್ಲವನ್ನೂ ಒಬ್ಬರ ಹೆಗಲಿಗೆ ಹಾಕಿದರೆ, ಅದು ಕಂಪನಿ ಹೊರಿಸಿದ ಭಾರವಲ್ಲ, ನಾವು ಹೊರಿಸಿದ್ದು. ಆಗ ಕೆಲಸ ಹೋದರೂ ಮಕ್ಕಳು ಮನೆಗೆ ಹೇಳಲು ಹೆದರುತ್ತಾರೆ. ಬಾಡಿಗೆ ಕೋಣೆಯಲ್ಲಿ ಒಬ್ಬರೇ ಆ ಸುದ್ದಿಯನ್ನು ನುಂಗಿಕೊಳ್ಳುತ್ತಾರೆ. "ಕೆಲಸ ಇರಲಿ ಬಿಡಲಿ, ನೀ ನಮ್ಮ ಮಗು, ಮನೆ ಬಾಗಿಲು ತೆರೆದೇ ಅದ" ಎಂಬ ಮಾತನ್ನು ಸಂಕಟ ಬರುವ ಮೊದಲೇ ಹೇಳಿಟ್ಟಿರಬೇಕು.

ಧರ್ಮಸಭೆಯ ಬೋಧನೆಯೂ ಇದೇ ದಾರಿಯದು. 1891ರಲ್ಲಿ ಜಗದ್ಗುರು ಹದಿಮೂರನೇ ಲಿಯೋ ಕಾರ್ಖಾನೆಯ ಕಾರ್ಮಿಕರ ಹಕ್ಕಿನ ಬಗ್ಗೆ ಬರೆದರು. 1981ರಲ್ಲಿ ಎರಡನೇ ಜಾನ್ ಪೌಲರು ಕೆಲಸಕ್ಕಿಂತ ಕೆಲಸ ಮಾಡುವ ಮನುಷ್ಯ ದೊಡ್ಡವನೆಂದು ಬೋಧಿಸಿದರು. 2025ರಲ್ಲಿ ಆಯ್ಕೆಯಾದ ಜಗದ್ಗುರುಗಳು ಲಿಯೋ ಎಂಬ ಹೆಸರನ್ನೇ ಆರಿಸಿಕೊಂಡು, ಕೃತಕ ಬುದ್ಧಿಮತ್ತೆಯ ಈ ಕಾಲದಲ್ಲೂ ದುಡಿಯುವವರ ಘನತೆಯನ್ನು ಕಾಪಾಡಬೇಕೆಂದರು.

ದೂರದಲ್ಲಿರುವ ಮಕ್ಕಳಿಗೆ ಒಂದು ಮಾತು: ಭಾನುವಾರ ಕೆಲಸವಿದ್ದರೆ ಶನಿವಾರ ಸಂಜೆಯ ಬಲಿಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ನೆರವೇರುತ್ತದೆ. ದಣಿವಾದರೆ ಮುಚ್ಚಿಡಬೇಡಿ. ಮೋಶೆಯೂ ಮಾವನ ಮಾತು ಕೇಳಿದ.

ಕುಟುಂಬದಲ್ಲಿ ಚರ್ಚಿಸಿರಿ:
1. ನಮ್ಮ ಮಗ ಅಥವಾ ಮಗಳು ದಿನವಿಡೀ ಮಾಡುವ ಕೆಲಸವೇನೆಂದು ನಮಗೆ ಗೊತ್ತೇ?
2. ಅವರ ಮೇಲೆ ನಾವು ಹೊರಿಸಿದ ಯಾವ ಭಾರವನ್ನು ಹಂಚಿಕೊಳ್ಳಬಹುದು?

ಈ ವಾರದ ನಿರ್ಧಾರ: ಹಣದ ಮಾತಿಲ್ಲದೆ ಒಮ್ಮೆ ಫೋನ್ ಮಾಡಿರಿ. ಸಂಜೆಯ ಜಪಸರದಲ್ಲಿ ಒಂದು ರಹಸ್ಯವನ್ನು ಅವರಿಗಾಗಿ ಒಪ್ಪಿಸಿರಿ.