ಗ್ರಾಮ ಪಂಚಾಯತಿ ಜಾಲತಾಣದಲ್ಲಿ ಪ್ಲಗಿನ್ ಅಳವಡಿಕೆ ಮತ್ತು ನಿರ್ವಹಣೆ: ಸದಸ್ಯರಿಗೆ ಒಂದು ಪಾಠ

ಗ್ರಾಮ ಪಂಚಾಯತಿಯ ತೆರಿಗೆ ಹಾಗೂ ಲೆಕ್ಕಪತ್ರಗಳು ಪಂಚತಂತ್ರ ತಂತ್ರಾಂಶದಲ್ಲಿ ದಾಖಲಾಗುತ್ತವೆ. ಅದರ ತಾಂತ್ರಿಕ ನಿರ್ವಹಣೆ ರಾಜ್ಯ ಮಟ್ಟದ್ದು. ಇದಲ್ಲದೆ ಗ್ರಾಮಸಭೆಯ ಸೂಚನೆ, ಕಾಮಗಾರಿ ಪಟ್ಟಿ, ಮಾಹಿತಿ ಹಕ್ಕು ಅಧಿನಿಯಮ 2005ರ ಪ್ರಕರಣ 4(1)(ಬಿ) ಅಡಿಯ ವಿವರಗಳನ್ನು ಪ್ರಕಟಿಸಲು ಪಂಚಾಯತಿಯು ಸ್ವಂತ ಜಾಲತಾಣ ರಚಿಸಿಕೊಂಡಲ್ಲಿ, ಅದರ ಹೊಣೆ ಪೂರ್ಣವಾಗಿ ಪಂಚಾಯತಿಯದೇ ಆಗಿರುತ್ತದೆ. ಇಂತಹ ತಾಣಗಳಿಗೆ ಬಳಸುವ ವರ್ಡ್‌ಪ್ರೆಸ್ ಉಚಿತ ತಂತ್ರಾಂಶವಾಗಿದ್ದು, 2003ರಲ್ಲಿ ಬಿಡುಗಡೆಯಾಯಿತು. ಅದಕ್ಕೆ ಹೊಸ ಸೌಲಭ್ಯ ಸೇರಿಸುವ ಕಿರು ತಂತ್ರಾಂಶವೇ ಪ್ಲಗಿನ್.

ಟ್ರ್ಯಾಕ್ಟರಿಗೆ ನೇಗಿಲು, ಕುಂಟೆ, ಕೂರಿಗೆ ಜೋಡಿಸಿದಂತೆ ಎಂದು ಇದನ್ನು ವಿವರಿಸುವುದುಂಟು. ಆದರೆ ಕೂರಿಗೆಯು ಎಂಜಿನ್ನಿನೊಳಗೆ ಕೈಹಾಕಲಾರದು. ಪ್ಲಗಿನ್ ಮಾತ್ರ ತಾಣದ ಕಡತಗಳು, ದತ್ತಾಂಶ, ಬಳಕೆದಾರರ ಪಟ್ಟಿ ಎಲ್ಲವನ್ನೂ ಮುಟ್ಟಬಲ್ಲದು. 2020ರ ಸೆಪ್ಟೆಂಬರಿನಲ್ಲಿ ಫೈಲ್ ಮ್ಯಾನೇಜರ್ ಎಂಬ ಪ್ಲಗಿನ್‌ನಲ್ಲಿ ಲೋಪ ಕಂಡುಬಂದಾಗ ಅದು ಸುಮಾರು 7 ಲಕ್ಷ ತಾಣಗಳಲ್ಲಿ ಬಳಕೆಯಲ್ಲಿತ್ತು; ಪಾಸ್‌ವರ್ಡ್ ಇಲ್ಲದೆಯೇ ಹೊರಗಿನವರು ಕಡತಗಳನ್ನು ಒಳತೂರಿಸಲು ಸಾಧ್ಯವಾಗಿತ್ತು. 2017ರ ಪ್ರಕರಣವು ಇನ್ನೂ ಬೋಧಪ್ರದ. ಡಿಸ್‌ಪ್ಲೇ ವಿಜೆಟ್ಸ್ ಎಂಬ ಪ್ಲಗಿನ್‌ನ ಮೂಲ ಕರ್ತೃಗಳು ಅದನ್ನು ಬೇರೆಯವರಿಗೆ ಮಾರಿದರು. ಹೊಸ ಒಡೆತನದಲ್ಲಿ ಬಂದ ಪರಿಷ್ಕೃತ ಆವೃತ್ತಿಯೊಳಗೇ ಕಳ್ಳದಾರಿ ಇತ್ತು. ಆದುದರಿಂದ ಅಳವಡಿಸಿದ ದಿನ ಉತ್ತಮವಾಗಿದ್ದ ಪ್ಲಗಿನ್ ಮುಂದೆಯೂ ಹಾಗೆಯೇ ಇರುತ್ತದೆಂದು ಭಾವಿಸತಕ್ಕದ್ದಲ್ಲ.

ಅಳವಡಿಸುವ ಪ್ರಸ್ತಾವ ಬಂದಾಗ ಸದಸ್ಯರು ಕೇಳಬೇಕಾದ ಮೊದಲ ಪ್ರಶ್ನೆ: ಇದು ಯಾವ ಗ್ರಾಮಸ್ಥರಿಗೆ ಬೇಕು? ಸಂದರ್ಶಕರ ಸಂಖ್ಯೆ ತೋರಿಸುವ, ಅಕ್ಷರಗಳನ್ನು ಓಡಾಡಿಸುವ ಪ್ಲಗಿನ್‌ಗಳು ಇಲ್ಲದಿದ್ದರೆ ಯಾರಿಗೂ ನಷ್ಟವಿಲ್ಲ. ದೂರು ಸಲ್ಲಿಸುವ ನಮೂನೆ ಉಪಯುಕ್ತ. ಆದರೆ ಅದರಲ್ಲಿಯೂ ಎಚ್ಚರ ಅಗತ್ಯ. ಸಿದ್ಧ ನಮೂನೆಯ ತಾಲ್ಲೂಕು ಪಟ್ಟಿ ಹಳೆಯದಾಗಿದ್ದರೆ ಅದರಲ್ಲಿ ಮಸ್ಕಿಯೇ ಇರುವುದಿಲ್ಲ; ಆ ತಾಲ್ಲೂಕಿನ ದೂರುದಾರರು ಲಿಂಗಸುಗೂರು ಅಥವಾ ಸಿಂಧನೂರು ಎಂದು ಗುರುತಿಸಬೇಕಾಗಿ ಬಂದು ಅರ್ಜಿ ತಪ್ಪು ಕಡೆ ಸೇರುತ್ತದೆ. ಇನ್ನು ಫಲಾನುಭವಿಗಳ ಆಧಾರ್ ಸಂಖ್ಯೆ, ಬ್ಯಾಂಕ್ ಪಾಸ್‌ಬುಕ್ ಪ್ರತಿಗಳನ್ನು ಇಂತಹ ನಮೂನೆಯ ಮೂಲಕ ಪಡೆಯಲೇಬಾರದು. ತಾಣ ಪರರ ವಶವಾದಲ್ಲಿ ಮೊದಲು ಸೋರುವುದು ಅವೇ.

ಪ್ಲಗಿನ್ ಅನ್ನು ವರ್ಡ್‌ಪ್ರೆಸ್‌ನ ಅಧಿಕೃತ ಸಂಗ್ರಹದಿಂದಲೇ ಪಡೆಯತಕ್ಕದ್ದು. ಕೊನೆಯ ಪರಿಷ್ಕರಣೆಯ ದಿನಾಂಕ, ಯಾವ ಆವೃತ್ತಿಯವರೆಗೆ ಪರೀಕ್ಷಿಸಲಾಗಿದೆ ಎಂಬ ವಿವರ ಅಲ್ಲಿಯೇ ಇರುತ್ತದೆ. ಹಣ ಕೊಟ್ಟು ಕೊಳ್ಳಬೇಕಾದ ಪ್ಲಗಿನ್‌ನ ಕಳ್ಳಪ್ರತಿಯನ್ನು ಗುತ್ತಿಗೆದಾರರು ಪುಕ್ಕಟೆ ಹಾಕಿಕೊಡುವುದಾಗಿ ಹೇಳಿದರೆ ನಿರಾಕರಿಸುವುದೇ ಲೇಸು. ಪರಿಷ್ಕರಣೆಗೆ ಮುನ್ನ ಕಡತ ಮತ್ತು ದತ್ತಾಂಶ ಎರಡರ ಪ್ರತಿಯನ್ನೂ ತಾಣದ ಹೊರಗೆ ಉಳಿಸಿಕೊಳ್ಳಬೇಕು. ಬೇಡವಾದುದನ್ನು ನಿಷ್ಕ್ರಿಯಗೊಳಿಸಿದರೆ ಸಾಲದು. ಅದರ ಕಡತಗಳು ಸರ್ವರ್‌ನಲ್ಲಿಯೇ ಉಳಿಯುವುದರಿಂದ ಅಳಿಸಿಹಾಕಬೇಕು.

ಪ್ರತಿ ಪ್ಲಗಿನ್‌ನ ಹೆಸರು, ಉದ್ದೇಶ, ಅಳವಡಿಸಿದ ದಿನಾಂಕವನ್ನು ಒಂದು ವಹಿಯಲ್ಲಿ ದಾಖಲಿಸುವುದು ಸೂಕ್ತ. ಪಿಡಿಒ ವರ್ಗಾವಣೆಯಾದಾಗ ಇತರ ವಹಿಗಳೊಡನೆ ಇದನ್ನೂ ಹಸ್ತಾಂತರಿಸಿ, ನಿರ್ವಾಹಕ ಪಾಸ್‌ವರ್ಡ್ ಅಂದೇ ಬದಲಿಸಬೇಕು. ಪಾಸ್‌ವರ್ಡ್ ಗುತ್ತಿಗೆದಾರರ ಬಳಿ ಮಾತ್ರ ಇರುವ ತಾಣವನ್ನು ಪಂಚಾಯತಿಯದೆಂದು ಹೇಳುವುದು ಕಷ್ಟ.

ತಾಣ ತೆರೆದಾಗ ಜೂಜಿನ ಪುಟ ಬರುವುದು, ಅಪರಿಚಿತ ಬಳಕೆದಾರರು ಕಾಣಿಸುವುದು ದಾಳಿಯ ಸಾಮಾನ್ಯ ಲಕ್ಷಣಗಳು. ಆಗ ತಾಣವನ್ನು ತಕ್ಷಣ ಸ್ಥಗಿತಗೊಳಿಸಿ ತಾಲ್ಲೂಕು ಪಂಚಾಯತಿಗೆ ತಿಳಿಸಬೇಕು. ಏಪ್ರಿಲ್ 28, 2022ರ ನಿರ್ದೇಶನದಂತೆ, ಗಮನಕ್ಕೆ ಬಂದ 6 ಗಂಟೆಗಳೊಳಗೆ ಸರ್ಟ್-ಇನ್ ಸಂಸ್ಥೆಗೆ ವರದಿ ಮಾಡುವುದು ಸರ್ಕಾರಿ ಸಂಸ್ಥೆಗಳಿಗೂ ಕಡ್ಡಾಯ. ತಾಣ ಮರಳಿ ಸಜ್ಜಾಗುವವರೆಗೆ ಗ್ರಾಮಸಭೆಯ ಸೂಚನೆಗಳನ್ನು ಕಚೇರಿಯ ಸೂಚನಾ ಫಲಕ ಮತ್ತು ಡಂಗುರದ ಮೂಲಕ ತಿಳಿಯಪಡಿಸತಕ್ಕದ್ದು.