ಮಾತು ಮತ್ತು ನಂಬಿಕೆ

ಮಾತಿಗೆ ಅರ್ಥವಿರುವಂತೆ ನೆನಪೂ ಇರುತ್ತದೆ. ನಿಘಂಟಿನಲ್ಲಿ ಸಾಧುವಾಗಿ ಕಾಣುವ ಶಬ್ದವೊಂದು ಜನರ ಬಾಳಿನಲ್ಲಿ ಎದೆ ನಡುಗಿಸುವ ಶಬ್ದವಾಗಬಹುದು. ಹಣಕ್ಕೂ ಆಡಳಿತಕ್ಕೂ ಸೇರಿದ ಇಂಥ ಮಾತುಗಳನ್ನು ಹಾವೇರಿ ಜಿಲ್ಲೆಯ ಅನುಭವದಿಂದ ಪರಿಶೀಲಿಸಬಹುದು.

ಬ್ಯಾಡಗಿಯ ಮೆಣಸಿನಕಾಯಿ ಕಡುಗೆಂಪು ಬಣ್ಣಕ್ಕೂ ಮಿತವಾದ ಖಾರಕ್ಕೂ ಹೆಸರಾದುದು. ಸುಗ್ಗಿಯ ಕಾಲದಲ್ಲಿ ಅಲ್ಲಿಯ ಮಾರುಕಟ್ಟೆಗೆ ಹೊರಜಿಲ್ಲೆಗಳಿಂದಲೂ ನೆರೆಯ ಆಂಧ್ರಪ್ರದೇಶದಿಂದಲೂ ಚೀಲಗಳು ಬಂದು ಬೀಳುತ್ತವೆ. ಅಲ್ಲಿ ‘ದರ ಬಿದ್ದಿದೆ’ ಎಂಬ ಎರಡು ಶಬ್ದಗಳು ವರ್ಷದ ದುಡಿಮೆಯನ್ನೇ ಅಳಿಸಬಲ್ಲವು. ೨೦೨೪ರ ಮಾರ್ಚ್ ೧೧ರಂದು ದರ ಕುಸಿದಾಗ ರೈತರ ಕೋಪ ಕಟ್ಟೆಯೊಡೆಯಿತು. ಮಾರುಕಟ್ಟೆ ಸಮಿತಿಯ ಕಚೇರಿಯ ಮೇಲೆ ಕಲ್ಲುಗಳು ಬಿದ್ದವು; ವಾಹನಗಳು ಸುಟ್ಟುಹೋದವು. ಬೆಂಕಿಯಿಂದ ಯಾರಿಗೂ ನ್ಯಾಯ ದೊರೆಯದು, ನಿಜ. ಆದರೆ ಕಾರಣ ತಿಳಿಯದ ನಷ್ಟವು ಬಹು ಬೇಗ ಸಂಶಯವಾಗಿ ಮಾರ್ಪಡುತ್ತದೆ ಎಂಬುದನ್ನೂ ಮರೆಯಬಾರದು.

ಬಿತ್ತನೆಯ ಹಂಗಾಮಿನಲ್ಲಿ ರೈತನು ಅಂಜುವ ಇನ್ನೊಂದು ಮಾತು ‘ದಾಸ್ತಾನು ಇಲ್ಲ’ ಎಂಬುದು. ಮಳೆ ಯಾರಿಗಾಗಿಯೂ ಕಾಯುವುದಿಲ್ಲ. ೨೦೦೮ರ ಜೂನ್ ೧೦ರಂದು ಹಾವೇರಿಯಲ್ಲಿ ರಸಗೊಬ್ಬರ ಕೇಳಿ ಸೇರಿದ್ದ ರೈತರ ಮೇಲೆ ಗೋಲಿಬಾರ್ ನಡೆದು ಪ್ರಾಣಹಾನಿಯಾಯಿತು. ಅಂದಿನಿಂದ ಆ ಸೀಮೆಯಲ್ಲಿ ಗೊಬ್ಬರದ ಅಭಾವವೆಂದರೆ ಬರಿಯ ಅಂಗಡಿಯ ಸುದ್ದಿಯಲ್ಲ.

ಬೀಜೋತ್ಪಾದನೆಗೆ ಪ್ರಸಿದ್ಧವಾದ ರಾಣೆಬೆನ್ನೂರಿನ ಸುತ್ತಲೂ ಬಿತ್ತುವ ಮೊದಲೇ ಕೈಯಲ್ಲಿ ಹಣ ಬೇಕು. ಹಣವಿಲ್ಲದವರಿಗೆ ಸಾಲವೇ ಗತಿ. ‘ಕಂತು’ ಎಂದರೆ ಭಾಗ. ಹೊರೆಯನ್ನು ಹಗುರಗೊಳಿಸುವುದಕ್ಕೆಂದೇ ಬಳಕೆಗೆ ಬಂದ ಮಾತು. ಆದರೆ ಕಿರುಸಾಲ ಪಡೆದ ಎಷ್ಟೋ ಮನೆಗಳಲ್ಲಿ ‘ಕಂತಿನವರು ಬಂದರು’ ಎಂದೊಡನೆ ಒಲೆಯ ಮುಂದಿನ ಮಾತು ನಿಂತುಹೋಗುತ್ತದೆ. ೨೦೨೫ರ ಜನವರಿಯಲ್ಲಿ ಈ ಜಿಲ್ಲೆಯ ಮಹಿಳೆಯರು ವಸೂಲಿಯ ಕಿರುಕುಳದಿಂದ ಬೇಸತ್ತು, ತಮ್ಮ ಮಾಂಗಲ್ಯವನ್ನು ಅಂಚೆಯ ಮೂಲಕ ಮುಖ್ಯಮಂತ್ರಿಗಳಿಗೆ ಕಳುಹಿಸಿದರು. ಮರುತಿಂಗಳೇ ಬಲಾತ್ಕಾರದ ವಸೂಲಿಯನ್ನು ಶಿಕ್ಷಾರ್ಹಗೊಳಿಸುವ ಸುಗ್ರೀವಾಜ್ಞೆ ಹೊರಟಿತು. ಸಾಲವೇ ಶೂಲವೆಂಬ ಗಾದೆಯ ಅರ್ಥ ಇಂದಿಗೂ ಮಾಸಿಲ್ಲ.

ಭಯ ಹುಟ್ಟಿಸದಿದ್ದರೂ ನಂಬಿಕೆಯನ್ನು ಸವೆಸುವ ಮಾತುಗಳು ಬೇರೆ ಇವೆ: ‘ಪರಿಶೀಲಿಸಲಾಗುವುದು’, ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’. ಇವು ಕರ್ಮಣಿ ಪ್ರಯೋಗದ ವಾಕ್ಯಗಳು. ಇಲ್ಲಿ ಕ್ರಿಯೆಯಿದೆ, ಕರ್ತೃವಿಲ್ಲ, ಭವಿಷ್ಯತ್ಕಾಲವಿದೆ, ದಿನಾಂಕವಿಲ್ಲ. ಮಾಡುವವರು ಯಾರು, ಯಾವಾಗ ಎಂಬುದು ತಿಳಿಯದಿದ್ದರೆ ಭರವಸೆಗೂ ಮುಂದೂಡಿಕೆಗೂ ಭೇದವೇ ಉಳಿಯದು. ಕರ್ನಾಟಕದಲ್ಲಿ ೨೦೧೧ರ ಸಕಾಲ ಕಾಯಿದೆಯು ಹಲವು ಸರಕಾರಿ ಸೇವೆಗಳಿಗೆ ಇಂತಿಷ್ಟೇ ದಿನಗಳೆಂದು ಗಡುವು ಗೊತ್ತುಮಾಡಿದ್ದು ಈ ಕೊರತೆಯನ್ನು ನೀಗಲೆಂದೇ.

ಆದ್ದರಿಂದ ಮಾತಿಗೆ ಅಂಜಿ ಓಡಬೇಕಾಗಿಲ್ಲ, ಕಣ್ಣುಮುಚ್ಚಿ ನಂಬಲೂಬೇಕಾಗಿಲ್ಲ. ಯಾರು? ಎಷ್ಟು? ಎಂದಿನೊಳಗೆ? ಈ ಮೂರು ಪ್ರಶ್ನೆಗಳನ್ನು ವಿನಯದಿಂದಲೂ ಧೈರ್ಯದಿಂದಲೂ ಕೇಳುವುದು ಪ್ರಜೆಯ ಹಕ್ಕು. ಅವುಗಳಿಗೆ ನೇರವಾಗಿ ಉತ್ತರಿಸುವುದು ಅಧಿಕಾರದಲ್ಲಿರುವವರ ಧರ್ಮ. ಕೇಳುವವರೂ ಹೇಳುವವರೂ ಇದ್ದಲ್ಲಿ ಮಾತು ಮತ್ತೆ ನಂಬಿಕೆಗೆ ಅರ್ಹವಾಗುತ್ತದೆ.

ಅಭ್ಯಾಸ

೧. ‘ಮಾತಿಗೆ ನೆನಪೂ ಇರುತ್ತದೆ’ ಎಂಬುದನ್ನು ಪಾಠದ ಎರಡು ಉದಾಹರಣೆಗಳಿಂದ ವಿವರಿಸಿರಿ.
೨. ‘ಕಂತು’ ಎಂಬ ಮಾತು ಭಯದ ಮಾತಾದುದು ಹೇಗೆ?
೩. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ – ಈ ವಾಕ್ಯಕ್ಕೆ ಕರ್ತೃವನ್ನೂ ದಿನಾಂಕವನ್ನೂ ಸೇರಿಸಿ ಕರ್ತರಿ ಪ್ರಯೋಗದಲ್ಲಿ ಬರೆಯಿರಿ.